ಒಪ್ಪು ಹಾಕಿದ್ದಾರೆ, ಒಪ್ಪಿದ್ದಾರಾ?

ಚಿನ್ನದ ಸಾಲದ ಬ್ರಾಂಚಿನಲ್ಲಿ ಇಂಟರ್ನ್‌ಶಿಪ್‌ನ ಮೊದಲ ದಿನ ನಾನು ಕಲಿತ ಶಬ್ದ ‘ಒಪ್ಪು’.

ಕೌಂಟರ್‌ನಲ್ಲಿದ್ದವರು ಒಬ್ಬ ಅಮ್ಮನ ಮುಂದೆ ಫಾರ್ಮ್ ಇಟ್ಟು, ಬೆರಳಲ್ಲಿ ಮೂರು ಜಾಗ ತೋರಿಸಿ, “ಇವಿಡೆ ಒಪ್ಪ್, ಇವಿಡೆ ಒಪ್ಪ್, ಇವಿಡೆಯುಂ” ಅಂದರು. ಮಲಯಾಳದಲ್ಲಿ ಒಪ್ಪು ಅಂದರೆ ಸಹಿ. ಅಮ್ಮ ತಲೆಯಾಡಿಸಿ “ಒಪ್ಪಿದೆ, ಒಪ್ಪಿದೆ” ಅಂದರು. ಪೆನ್ನು ಕೈಯಲ್ಲಿ ಹಾಗೇ ಇತ್ತು. ಎಲ್ಲರೂ ನಕ್ಕೆವು, ಪಾಪ ಅವರೂ ನಕ್ಕರು. ಕೊನೆಗೆ ನಾನೇ ಹೋಗಿ, “ಇಲ್ಲಿ ಸೈನ್ ಹಾಕಬೇಕಂತೆ ಅಮ್ಮಾ” ಅಂದೆ. ಹಾಕಿದರು. ಮುಂದಿನ ನಲ್ವತ್ತೈದು ದಿನ ನನ್ನ ಕೆಲಸ ಏನು ಅಂತ ಬ್ರಾಂಚಿನವರಿಗೆ ಆಗಲೇ ಗೊತ್ತಾಗಿಬಿಟ್ಟಿತು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಹತ್ತನೆಯವರೆಗೆ ಕನ್ನಡ ಮೀಡಿಯಂ, ಈಗ ಬಿ.ಕಾಂ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ಇಂಟರ್ನ್‌ಶಿಪ್‌ಗೂ ಕ್ರೆಡಿಟ್ ಇದೆ. ಫೈನಾನ್ಸ್ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಷೇರು, ಮ್ಯೂಚುವಲ್ ಫಂಡ್, ದೊಡ್ಡ ದೊಡ್ಡ ಸ್ಕ್ರೀನು. ಸಿಕ್ಕಿದ್ದು ಕಾಸರಗೋಡು ಪೇಟೆಯಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಒಂದು ಕಂಪೆನಿಯ ಬ್ರಾಂಚು. ಹೆಸರು ಬೇಡ. ಸಂಬಳ ಇಲ್ಲ, ಸಂಜೆ ಚಹಾ ಇತ್ತು.

ಚಿನ್ನ ನೋಡುವುದನ್ನು ಮಾತ್ರ ಚೆನ್ನಾಗಿ ಕಲಿತೆ, ಅದನ್ನು ಹೇಳಲೇಬೇಕು. ಒರೆಗಲ್ಲಿನ ಮೇಲೆ ಗೆರೆ ಎಳೆದು ಆಸಿಡ್ ಹನಿ ಬಿಟ್ಟಾಗ ಗೆರೆ ಹಾಗೇ ನಿಂತರೆ ಒಂದು ಲೆಕ್ಕ, ಹಸಿರು ನೊರೆಯಾಗಿ ಕರಗಿದರೆ ಇನ್ನೊಂದು. ತಕ್ಕಡಿ ತೋರಿಸುವ ತೂಕಕ್ಕೆ ಸಾಲ ಇಲ್ಲ. ಕಲ್ಲು, ಅರಗು, ದಾರ ಎಲ್ಲ ಕಳೆಯಬೇಕು. ಮೂರು ಪವನು ಅಂದುಕೊಂಡು ತಂದ ಕರಿಮಣಿ ಸರ, ಅಂದರೆ 24 ಗ್ರಾಂ, ಮಣಿಯ ಲೆಕ್ಕ ಕಳೆದಾಗ 19ಕ್ಕೆ ಇಳಿದದ್ದನ್ನು ನೋಡಿದ್ದೇನೆ. ಆ ಹೆಂಗಸು ಸರ ತೆಗೆಯುವ ಮೊದಲೇ ಸೆರಗು ಕುತ್ತಿಗೆಗೆ ಸುತ್ತಿಕೊಂಡಿದ್ದರು. ತೂಕ ಮುಗಿಯುವವರೆಗೂ ತಕ್ಕಡಿ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಮೇ ತಿಂಗಳಲ್ಲಿ ಬ್ರಾಂಚಿಗೆ ಬಿಡುವೇ ಇರುವುದಿಲ್ಲ. ಜೂನ್‌ಗೆ ಶಾಲೆ ಶುರು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು, ಮೈಲುತುತ್ತಿಗೂ ಮರ ಹತ್ತುವವರಿಗೂ ಕೈಯಲ್ಲಿ ದುಡ್ಡು ಬೇಕು. ಪೆರ್ಲ, ಮುಳ್ಳೇರಿಯ, ಕುಂಬ್ಳೆ ಕಡೆಯ ಬಸ್ಸು ಬಂದು ಹತ್ತು ನಿಮಿಷಕ್ಕೆ ಬ್ರಾಂಚಿನ ಕುರ್ಚಿಗಳೆಲ್ಲ ಭರ್ತಿ.

ಅಂಥ ಒಂದು ದಿನ ಇನ್ನೊಬ್ಬ ಅಮ್ಮ ಬಂದರು. ಹಿಂದಿನ ವರ್ಷ 60,000 ರೂಪಾಯಿ ತೆಗೆದಿದ್ದರು. “ಒಂದು ರೂಪಾಯಿ ಬಡ್ಡಿ” ಅಂತ ಯಾರೋ ಹೇಳಿದ್ದರಂತೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ವರ್ಷಕ್ಕೆ 7,200. ಅಷ್ಟು ಹಣವನ್ನು ಲೆಕ್ಕ ಮಾಡಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಂದಿದ್ದರು. ಸ್ಕ್ರೀನಲ್ಲಿ 14,400 ಅಂತ ಇತ್ತು. ಆ ಸ್ಕೀಮಿನಲ್ಲಿ ಬಡ್ಡಿ ತಿಂಗಳು ತಿಂಗಳು ಕಟ್ಟಿದರೆ ಮಾತ್ರ ಒಂದು ರೂಪಾಯಿ. ಇಲ್ಲದಿದ್ದರೆ ಎರಡು. ಕಾಗದದಲ್ಲಿ ಇದು ಬರೆದಿತ್ತು, ಸುಳ್ಳು ಹೇಳಲ್ಲ. ಇಂಗ್ಲಿಷ್‌ನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಅದರ ಕೆಳಗೆ ಅವರ ಸಹಿ. ಕನ್ನಡದಲ್ಲಿ, ಗುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆದ ಸಹಿ.

ನಾನು ವಿವರಿಸಿದೆ. ಅವರು ಬೈಯಲಿಲ್ಲ, ಅಳಲೂ ಇಲ್ಲ. “ಇದನ್ನು ಅವತ್ತು ಹೇಳಿದ್ರೆ ತಿಂಗಳು ತಿಂಗಳು ತಂದು ಕಟ್ಟುತ್ತಿದ್ದೆ ಮಗಾ” ಅಂದರು. ಆಮೇಲೆ ಕಿವಿಯ ಬೆಂಡೋಲೆ ಬಿಚ್ಚಿ ಕೌಂಟರ್ ಮೇಲೆ ಇಟ್ಟರು. ಬಡ್ಡಿ ಕಟ್ಟಲು ಇನ್ನೊಂದು ಸಾಲ.

ಅವತ್ತು ರಾತ್ರಿ ಮನೆಗೆ ಬಂದು ಆರ್‌ಬಿಐ ನಿಯಮ ಹುಡುಕಿ ಓದಿದೆ. ಕ್ಲಾಸಿನಲ್ಲಿ ಎರಡು ವರ್ಷದಲ್ಲಿ ಓದದಷ್ಟು ಆ ಒಂದು ರಾತ್ರಿ ಓದಿದೆ. 2025ರ ಜೂನ್‌ನಲ್ಲಿ ಚಿನ್ನ, ಬೆಳ್ಳಿ ಸಾಲದ ಬಗ್ಗೆ ಹೊಸ ನಿರ್ದೇಶನ ಬಂದಿದೆ. 2026ರ ಏಪ್ರಿಲ್ 1ರ ಒಳಗೆ ಎಲ್ಲರೂ ಜಾರಿಗೆ ತರಬೇಕು ಅಂತಿದೆ. ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ನೂರಕ್ಕೆ 85ರಷ್ಟು ಕೊಡಬಹುದು, ಮೊದಲು 75 ಇತ್ತು. ಪೇಪರಿನಲ್ಲಿ ಬಂದದ್ದು, ಎಲ್ಲರೂ ಮಾತಾಡಿದ್ದು ಇದನ್ನೇ. ಆದರೆ ಅದರೊಳಗೆ ಇನ್ನೊಂದು ಸಾಲು ಇದೆ. ಗ್ರಾಹಕರಿಗೆ ತಿಳಿಸುವುದೆಲ್ಲ, ಅದರಲ್ಲೂ ಸಾಲದ ಷರತ್ತುಗಳು, ಆ ಪ್ರದೇಶದ ಭಾಷೆಯಲ್ಲಿ ಅಥವಾ ಗ್ರಾಹಕರು ಆರಿಸಿಕೊಂಡ ಭಾಷೆಯಲ್ಲಿ ಇರಬೇಕು. ಓದು ಬಾರದವರಿಗೆ ಮುಖ್ಯ ಷರತ್ತುಗಳನ್ನು ಸಾಕ್ಷಿಯ ಎದುರು ವಿವರಿಸಿ ಹೇಳಬೇಕು. ಇಂಥ ಕಂಪೆನಿಗಳು ಗ್ರಾಹಕರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವ ಫೇರ್ ಪ್ರಾಕ್ಟೀಸ್ ಕೋಡ್‌ನಲ್ಲಿ ಭಾಷೆಯ ಮಾತು ಅದಕ್ಕೂ ಮುಂಚಿನಿಂದಲೇ ಇತ್ತು.

ಮರುದಿನ ಮೊಬೈಲಲ್ಲಿ ಮ್ಯಾನೇಜರಿಗೆ ತೋರಿಸಿದೆ. “ಇಲ್ಲಿಯ ಭಾಷೆ ಮಲಯಾಳ, ಮಲಯಾಳ ಫಾರ್ಮ್ ಇದೆಯಲ್ಲ” ಅಂದರು. ನಾನು ‘ಅಥವಾ’ ಅನ್ನುವ ಶಬ್ದದ ಮೇಲೆ ಬೆರಳಿಟ್ಟೆ. ಆರಿಸಿಕೊಳ್ಳಿ ಅಂತ ಗ್ರಾಹಕರನ್ನು ಕೇಳಿದವರು ಯಾರು?

ಮ್ಯಾನೇಜರ್ ಕೆಟ್ಟವರಲ್ಲ. ಕೇರಳದ ಆ ತುದಿಯಿಂದ ವರ್ಗವಾಗಿ ಬಂದವರು, ಅವರಿಗೆ ಕನ್ನಡ ಬರುವುದಿಲ್ಲ, ತಲೆ ಮೇಲೆ ಟಾರ್ಗೆಟ್ ಇದೆ. ಆದರೆ ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಇದೇ ಕಂಪೆನಿಯ ಮಂಗಳೂರು ಬ್ರಾಂಚಿನಲ್ಲಿ ನನ್ನ ಫ್ರೆಂಡ್ ಇಂಟರ್ನ್ ಆಗಿದ್ದಳು. ಕೇಳಿದೆ. ಅಲ್ಲಿ ಕನ್ನಡ ಫಾರ್ಮ್ ಇದೆ! ಅಂದರೆ ಯಾರೂ ಹೊಸದಾಗಿ ಅನುವಾದ ಮಾಡಬೇಕಾಗಿಲ್ಲ. ಐವತ್ತು ಕಿಲೋಮೀಟರ್ ಆಚೆ ಇರುವ ಪಿಡಿಎಫ್ ಗಡಿಯ ತಲಪಾಡಿ ದಾಟಿ ಬಂದರೆ ಸಾಕು. ವಾಟ್ಸಾಪಲ್ಲಿ ತರಿಸಿ, ಸ್ವಂತ ದುಡ್ಡಲ್ಲಿ ಇಪ್ಪತ್ತು ಪ್ರಿಂಟ್ ತೆಗೆಸಿದೆ. “ಓದಲು ಕೊಡು, ಆದರೆ ಸಹಿ ಇಂಗ್ಲಿಷ್ ಫಾರ್ಮಿಗೇ” ಅಂದರು ಮ್ಯಾನೇಜರ್. ಸರಿ, ಅಷ್ಟಾದರೂ ಆಯ್ತಲ್ಲ.

“ಕಾಸರಗೋಡಿನವರಿಗೆ ಮಲಯಾಳ ಬರುತ್ತೆ ಅಲ್ವಾ?” ಅಂತ ಕಮೆಂಟ್ ಬರುತ್ತದೆ, ಗೊತ್ತು. ಬರುತ್ತದೆ. ಮೀನು ಕೊಳ್ಳಲು, ಬಸ್ಸಿನಲ್ಲಿ ಜಗಳ ಮಾಡಲು, ಮದುವೆ ಮನೆಯಲ್ಲಿ ಮಾತಾಡಲು ಬರುತ್ತದೆ. ಬಡ್ಡಿಗೆ ‘ಪಲಿಶ’ ಅನ್ನುವುದೂ ಗೊತ್ತು. ಆದರೆ ಷರತ್ತು ಓದಿ ಅರ್ಥ ಮಾಡಿಕೊಳ್ಳುವುದು ಬೇರೆ. ನನಗೇ ಮಲಯಾಳ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಅಂತ ಮರೆತಿರುತ್ತದೆ. 1956, ಮಹಾಜನ ವರದಿ, ಚಂದ್ರಗಿರಿ ಹೊಳೆ, ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕು ಅನ್ನುವ ಆ ಚರ್ಚೆಗೆ ನಾನು ಕೈ ಹಾಕುತ್ತಿಲ್ಲ. ಊರು ಯಾವ ರಾಜ್ಯದಲ್ಲೇ ಇರಲಿ, ಅಡವಿಟ್ಟ ಬಂಗಾರ ನಮ್ಮದು ತಾನೇ?

ನಮ್ಮ ಹಳೆಯ ದಕ್ಷಿಣ ಕನ್ನಡದ ಬ್ಯಾಂಕುಗಳು ಬೆಳೆದದ್ದು ಹೀಗಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಉಳಿತಾಯ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೇಳಲು ಜನ ಮನೆ ಬಾಗಿಲಿಗೆ ಹೋಗುತ್ತಿದ್ದರು. ಬಾಗಿಲಿಗೆ ಹೋದವರು ಆ ಮನೆಯ ಭಾಷೆ ಆಡದೆ ಎರಡಾಣೆ ಸಿಗುತ್ತದಾ? 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

ಕಾಲೇಜಿಗೆ ನಲ್ವತ್ತು ಪುಟದ ರಿಪೋರ್ಟ್ ಕೊಟ್ಟೆ. ಕಂಪೆನಿಯ ಇತಿಹಾಸ, ಸ್ವಾಟ್ ಅನಾಲಿಸಿಸ್, ಪೈ ಚಾರ್ಟು. ಹೆಚ್ಚಿನದು ಹಿಂದಿನ ಬ್ಯಾಚಿನವರದ್ದೇ, ಸುಮ್ನೆ ಹೆಸರು ಬದಲಿಸಿದ್ದು. ಬೆಂಡೋಲೆಯ ವಿಷಯ ಬರೆಯಲು ಅದರಲ್ಲಿ ಜಾಗ ಇರಲಿಲ್ಲ. ‘ವೀಕ್‌ನೆಸ್’ ಅಂತ ಇದ್ದ ಕಡೆ “ಕನ್ನಡ ಗೊತ್ತಿರುವ ಸಿಬ್ಬಂದಿ ಇಲ್ಲ” ಅಂತ ಒಂದು ಸಾಲು ಸೇರಿಸಿದೆ. ಸರ್ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎ ಗ್ರೇಡ್ ಕೊಟ್ಟರು.

ನಾನು ಬಿಟ್ಟು ಬಂದ ಮೇಲೆ ಆ ಇಪ್ಪತ್ತು ಪ್ರಿಂಟ್ ಏನಾಯ್ತೋ. ನನ್ನ ನಂಬರ್ ಮಾತ್ರ ಎಂಟು ಹತ್ತು ಜನರ ಹತ್ತಿರ ಉಳಿದಿದೆ. ಕಂಪೆನಿಯಿಂದ ಮೆಸೇಜ್ ಬಂದರೆ ಮಕ್ಕಳ ಕೈಯಲ್ಲಿ ಫೋಟೋ ತೆಗೆಸಿ ಕಳಿಸುತ್ತಾರೆ, ಇಲ್ಲದಿದ್ದರೆ ಫೋನ್ ಮಾಡುತ್ತಾರೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಮುಳ್ಳೇರಿಯ ಕಡೆಯ ಒಬ್ಬ ಅಜ್ಜ ಫೋನ್ ಮಾಡಿದರು, ದನಿ ನಡುಗುತ್ತಿತ್ತು. ಬ್ರಾಂಚಿಗೆ ಹೋಗಿದ್ದರಂತೆ, ಬಾಗಿಲಲ್ಲಿದ್ದವರು “ನಾಳೆ ಅವಧಿ” ಅಂದರಂತೆ. ಸಾಲ ಮುಗಿಯಲು ಇನ್ನೂ ನಾಲ್ಕು ತಿಂಗಳಿದೆ ಅಂದುಕೊಂಡಿದ್ದೆ, ನಾಳೆಗೇ ಅವಧಿ ಮುಗಿದರೆ ದುಡ್ಡು ಎಲ್ಲಿಂದ ತರುವುದು ಮಗಾ ಅಂತ ಕೇಳಿದರು.

ಅಜ್ಜಾ, ಮಲಯಾಳದಲ್ಲಿ ಅವಧಿ ಅಂದರೆ ರಜೆ, ನಾಳೆ ಬ್ರಾಂಚು ಮುಚ್ಚಿರುತ್ತದೆ ಅಷ್ಟೆ, ಊಟ ಮಾಡಿ ಮಲಗಿ ಅಂದೆ.