ವೆಬ್‌ಸೈಟಿನ ಹೆಸರನ್ನು ಇನ್ನೊಬ್ಬರ ಕೈಗೆ ಬಿಡಬೇಡಿ

ಮುಂಬಯಿಯಲ್ಲಿ ನಮ್ಮವರು ಅಂಗಡಿಗೆ ಹೆಸರಿಡುವಾಗ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನೋಡಿದವರಿಗೇ ಗೊತ್ತು. ಊರಿಗೆ ಫೋನ್ ಮಾಡಿ ಭಟ್ಟರನ್ನು ಕೇಳುತ್ತಾರೆ, ಮನೆದೇವರ ಹೆಸರು ಬರಬೇಕು ಅನ್ನುತ್ತಾರೆ, ಬೋರ್ಡಿನ ಬಣ್ಣಕ್ಕೂ ಮನೆಮಂದಿಯೆಲ್ಲ ಕೂತು ಚರ್ಚೆ ನಡೆಸುತ್ತಾರೆ. ಅದೇ ಅಂಗಡಿಗೆ ವೆಬ್‌ಸೈಟ್ ಮಾಡಿಸುವಾಗ ಮಾತ್ರ "ಡೊಮೇನ್ ಗಿಮೇನ್ ಎಲ್ಲ ಆ ಹುಡುಗ ನೋಡ್ಕೊಳ್ತಾನೆ" ಅಂತ ಕೈತೊಳೆದುಕೊಳ್ಳುತ್ತಾರೆ. ಡೊಂಬಿವಲಿಯಲ್ಲಿ ಇದೇ ಕೆಲಸ ಮಾಡಿಕೊಂಡಿರುವ ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಡೊಮೇನ್ ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರು. ಅದು ವಿಸಿಟಿಂಗ್ ಕಾರ್ಡಿಗೆ ಹೋಗುತ್ತದೆ, ಬಿಲ್ ಪುಸ್ತಕಕ್ಕೆ ಹೋಗುತ್ತದೆ, ಟೆಂಪೋದ ಬಾಗಿಲ ಮೇಲೆ ಪೇಂಟ್ ಆಗುತ್ತದೆ, ಇಮೇಲ್ ವಿಳಾಸವಾಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಅದನ್ನು ಬದಲಿಸುವುದು ಅಂಗಡಿಯ ಜಾಗ ಬದಲಿಸುವುದಕ್ಕಿಂತ ಕಷ್ಟ. ಹೆಸರನ್ನು ನೀವೇ ಆರಿಸಬೇಕು, ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬೇಕು. ಹುಡುಗ ವೆಬ್‌ಸೈಟ್ ಮಾಡಲಿ, ಅದು ಅವನ ಕೆಲಸ.

ಮಾಟುಂಗಾದ ಒಂದು ಕೇಟರಿಂಗ್ ಆಫೀಸಿನಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಫೋನಿನ ಆ ಕಡೆ ಘಾಟ್ಕೋಪರ್‌ನ ಗುಜರಾತಿ ಗಿರಾಕಿ, ಮಗಳ ಸೀಮಂತಕ್ಕೆ ಇನ್ನೂರು ಜನರ ಊಟ, ಮೆನು ನೋಡಬೇಕು ಅಂತ ವೆಬ್‌ಸೈಟ್ ಕೇಳುತ್ತಿದ್ದಾರೆ. ಹೆಸರಿನಲ್ಲಿ ಪೂಜಾರಿ ಅಂತಿದೆ. ಈ ಕಡೆ ಅಕ್ಕ ಒಂದೊಂದೇ ಅಕ್ಷರ ಹೇಳುತ್ತಿದ್ದಾರೆ: "ಪಿ ಫಾರ್ ಪುಣೆ, ಡಬಲ್ ಓ, ಜೆ, ಎ, ಆರ್, ಲಾಸ್ಟ್ ಮೇ ವೈ. ಆಯ್ ನಹೀ, ವೈ!" ಎರಡು ಸಲ ಹೇಳಿದರು, ಮೂರನೇ ಸಲಕ್ಕೆ "ರುಕಿಯೇ, ವಾಟ್ಸಾಪ್ ಕರ್ತೀ ಹೂಂ" ಅಂದರು. ಗಿರಾಕಿ ಒಳ್ಳೆಯವರು, ಕಾದರು. ಎಲ್ಲರೂ ಕಾಯುವುದಿಲ್ಲ.

ಇದು ಮುಂಬಯಿ ಕನ್ನಡಿಗರಿಗೇ ಇರುವ ತೊಡಕು. ನಮ್ಮ ಕರಾವಳಿಯಲ್ಲಿ ಪೂಜಾರಿ, ಭಂಡಾರಿ ಅಂತ ಇಂಗ್ಲಿಷಿನಲ್ಲಿ ಬರೆದರೆ ಕೊನೆಗೆ ವೈ ಬರುವುದು ಹೆಚ್ಚು, ಇಲ್ಲಿನ ಮರಾಠಿಗರ ಕೈ ತಾನಾಗಿ ಐ ಒತ್ತುತ್ತದೆ. ನಮ್ಮ ಸವಿತಾ, ಗೀತಾ, ಲತಾ ಎಲ್ಲರಿಗೂ ಟಿ ಆದಮೇಲೆ ಒಂದು ಎಚ್ ಇರುತ್ತದೆ, ಇಲ್ಲಿ ಬರೀ ಟಿ. ಉಡುಪಿ ಅಂತ ನಾವು ಯು ಹಾಕಿ ಬರೆದರೆ ಈ ಊರಿನ ಎಷ್ಟೋ ಹೋಟೆಲ್ ಬೋರ್ಡುಗಳ ಮೇಲೆ ಉಡಿಪಿ ಅಂತ ಐ ಇದೆ. ಇನ್ನು ಶ್ರೀ! ಎಸ್ ಆರ್ ಐ ಅಂತ ಬರೆಯುವವರಿದ್ದಾರೆ, ಎಸ್ ಎಚ್ ಆರ್ ಐ ಅನ್ನುವವರಿದ್ದಾರೆ, ಡಬಲ್ ಇ ಹಾಕುವವರೂ ಇದ್ದಾರೆ. ಶ್ರೀ ಬೋರ್ಡಿನ ಮೇಲೆ ಖಂಡಿತ ಇರಲಿ. ಡೊಮೇನಿನಲ್ಲಿ ಅದನ್ನು ಬಿಡಿ, ದೇವರು ಮುನಿಸಿಕೊಳ್ಳುವುದಿಲ್ಲ.

ಹಾಗಾಗಿ ಯಾವುದೇ ಹೆಸರನ್ನು ಖರೀದಿಸುವ ಮೊದಲು ನಾನು ಮಾಡಿಸುವುದು ಇಷ್ಟೇ. ಕನ್ನಡ ಬಾರದ ಪರಿಚಯದ ನಾಲ್ಕೈದು ಜನರಿಗೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಹೇಳಿ, ಟೈಪ್ ಮಾಡಿ ಕಳಿಸಲು ಹೇಳಿ. ಅವರಲ್ಲಿ ಹೆಚ್ಚಿನವರು ತಪ್ಪಿದರೆ ಆ ಹೆಸರು ಬೇಡ. ಮನೆತನದ ಹೆಸರೇ ಬೇಕು ಅಂತ ಹಟವಿದ್ದರೆ ಎರಡು ಸ್ಪೆಲ್ಲಿಂಗನ್ನೂ ಕೊಂಡು, ಒಂದನ್ನು ಒತ್ತಿದರೂ ಇನ್ನೊಂದಕ್ಕೇ ಹೋಗುವಂತೆ ರೀಡೈರೆಕ್ಟ್ ಮಾಡಿಸಿ. ಸಾಮಾನ್ಯ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸಾವಿರ, ಒಂದೂವರೆ ಸಾವಿರದ ಆಸುಪಾಸು ಖರ್ಚು. ಕೈತಪ್ಪುವ ಒಂದು ಆರ್ಡರಿನ ಮುಂದೆ ಅದು ಏನೂ ಅಲ್ಲ.

ನ್ಯೂಮರಾಲಜಿಯವರು ಹೇಳಿದರು ಅಂತ ಒಂದು ಎ ಹೆಚ್ಚಿಗೆ, ಒಂದು ಎಚ್ ಹೆಚ್ಚಿಗೆ ಸೇರಿಸಿಕೊಂಡು ಬರುವವರಿಗೂ ಇದೇ ಮಾತು. ನಂಬಿಕೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಕಿವಿಗೆ ಕೇಳಿಸದ ಅಕ್ಷರವನ್ನು ಗಿರಾಕಿ ಟೈಪ್ ಮಾಡುವುದಿಲ್ಲ. ಹಾಗೇ ನಡುವೆ ಡ್ಯಾಶ್ ಬೇಡ, ಅಂಕಿ ಬೇಡ. ಅಂಕಿ ಅಂದಾಕ್ಷಣ ಅದು ಅಂಕಿಯೋ ಅಕ್ಷರದಲ್ಲಿ ಬರೆದದ್ದೋ ಅನ್ನುವ ಪ್ರಶ್ನೆ ಹುಟ್ಟುತ್ತದೆ. ನಿಯಮದ ಪ್ರಕಾರ ಚುಕ್ಕೆಯ ಮೊದಲಿನ ಭಾಗ 63 ಅಕ್ಷರದವರೆಗೆ ಇರಬಹುದು, ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಡ್ಯಾಶ್ ಮೊದಲಲ್ಲೋ ಕೊನೆಯಲ್ಲೋ ಬರುವಂತಿಲ್ಲ. ನಿಯಮ ಒಪ್ಪುತ್ತದೆ ಅಂತ ಉದ್ದುದ್ದ ಇಡಬೇಕಾಗಿಲ್ಲ. ಹದಿನೈದು ಅಕ್ಷರ ದಾಟದಂತೆ ನೋಡಿಕೊಳ್ಳಿ. ಎರಡು ಪದ ಕೂಡಿಸಿದಾಗ ಒಂದರ ಕೊನೆ ಇನ್ನೊಂದರ ಮೊದಲು ಒಂದೇ ಅಕ್ಷರವಾದರೆ ಅದೂ ಎಡವುವ ಜಾಗ, ಜನ ಒಂದನ್ನು ನುಂಗಿಬಿಡುತ್ತಾರೆ.

ಊರಿನ ಹೆಸರನ್ನು ಸೇರಿಸುವ ಮುನ್ನವೂ ಸ್ವಲ್ಪ ನಿಲ್ಲಿ. ಇದೇ ಊರು 1995ರವರೆಗೆ ಬಾಂಬೆ ಆಗಿತ್ತು, ಬೆಂಗಳೂರು ಮೈಸೂರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ 2014ರಲ್ಲಿ ಬದಲಾಯಿತು. ಡೊಂಬಿವಲಿ ಅಂತ ಹೆಸರಿನಲ್ಲೇ ಇಟ್ಟುಕೊಂಡವರು ನಾಳೆ ಥಾಣೆಯಲ್ಲಿ ಎರಡನೇ ಶಾಖೆ ತೆರೆದರೆ ಏನು ಮಾಡುತ್ತಾರೆ?

ಈಗ ಡಾಟ್ ಆದಮೇಲಿನ ವಿಷಯ. ಡಾಟ್ ಕಾಮ್ 1985ರಿಂದ ಇದೆ, ಜನರ ಬೆರಳಿಗೆ ಅದು ಅಂಟಿಕೊಂಡುಬಿಟ್ಟಿದೆ. ಅಮೆರಿಕದ ಓವರ್‌ಸ್ಟಾಕ್ ಅನ್ನುವ ದೊಡ್ಡ ಕಂಪನಿ 2011ರಲ್ಲಿ ತನ್ನನ್ನು ಓ ಡಾಟ್ ಸಿಓ ಅಂತ ಕರೆದುಕೊಂಡಿತು. ಜನ ಅಭ್ಯಾಸಬಲದಿಂದ ಓ ಡಾಟ್ ಕಾಮ್ ಅಂತ ಒತ್ತಿದರು, ಕಂಪನಿ ಹಳೆಯ ಹೆಸರಿಗೇ ಮರಳಬೇಕಾಯಿತು. ಅಷ್ಟು ಜಾಹೀರಾತು ಸುರಿಯುವವರಿಗೇ ಆಗದ್ದು ನಮ್ಮ ಕೈಯಲ್ಲಿ ಆಗುವಂಥದ್ದಲ್ಲ. ನಮ್ಮ ದೇಶದ ಡಾಟ್ ಇನ್ ಒಳ್ಳೆಯದು. 2005ರಿಂದ ಎಲ್ಲರಿಗೂ ಸುಲಭವಾಗಿ ಸಿಗುತ್ತಿದೆ, ನಿಕ್ಸಿ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಗಿರಾಕಿಗಳೆಲ್ಲ ಥಾಣೆ, ಮುಲುಂಡ್, ನವಿ ಮುಂಬಯಿಯವರೇ ಆಗಿದ್ದರೆ ಡಾಟ್ ಇನ್ ಧಾರಾಳ ಸಾಕು. ಸಿಕ್ಕರೆ ಡಾಟ್ ಕಾಮ್ ಕೂಡ ತೆಗೆದಿಟ್ಟುಕೊಳ್ಳಿ. ಡಾಟ್ ಶಾಪ್, ಡಾಟ್ ಆನ್‌ಲೈನ್ ಇಂಥವನ್ನು ಮೊದಲ ವರ್ಷ ನೂರಿನ್ನೂರಕ್ಕೆ ಕೊಡುತ್ತಾರೆ, ಎರಡನೇ ವರ್ಷದ ರಿನ್ಯೂವಲ್ ದರವನ್ನು ಮೊದಲೇ ನೋಡಿ. ಅಲ್ಲೇ ಇರುವುದು ಅವರ ಲಾಭ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಹೆಸರೂ ಕನ್ನಡ, ಚುಕ್ಕೆಯ ನಂತರದ್ದೂ ಕನ್ನಡ. ನನಗೆ ಅದರ ಮೇಲೆ ಪ್ರೀತಿಯಿದೆ. ಕನ್ನಡ ಪತ್ರಿಕೆ, ಯಕ್ಷಗಾನ ಮಂಡಳಿ, ಸಾಹಿತ್ಯ ಬಳಗ ನಡೆಸುವವರು ದಯವಿಟ್ಟು ತೆಗೆದುಕೊಳ್ಳಿ. ಆದರೆ ಅದೊಂದನ್ನೇ ನೆಚ್ಚಬೇಡಿ. ಎಷ್ಟೋ ಆನ್‌ಲೈನ್ ಫಾರಂಗಳು ಕನ್ನಡದ ಇಮೇಲ್ ವಿಳಾಸವನ್ನು ಒಪ್ಪುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರ ಫೋನಿನಲ್ಲಿ ಕನ್ನಡ ಕೀಬೋರ್ಡೇ ಇಲ್ಲ. ಇಂಗ್ಲಿಷ್ ಅಕ್ಷರದ ಹೆಸರು ಮುಖ್ಯವಾಗಿರಲಿ, ಕನ್ನಡದ ಹೆಸರು ಅದೇ ಪುಟಕ್ಕೆ ಬಂದು ತಲುಪಲಿ.

ದೊಡ್ಡವರ ಹೆಸರಿಗೆ ಹತ್ತಿರದ್ದನ್ನು ಇಟ್ಟರೆ ನಮಗೂ ನಾಲ್ಕು ಗಿರಾಕಿ ಬಂದಾರು ಅನ್ನುವ ಆಸೆಯನ್ನು ಮನಸ್ಸಿನಿಂದ ತೆಗೆದುಹಾಕಿ. 1999ರಲ್ಲೇ ಬಾಂಬೆ ಹೈಕೋರ್ಟ್ ರೆಡಿಫ್ ಅನ್ನುವ ಹೆಸರಾಂತ ವೆಬ್‌ಸೈಟಿನ ಪ್ರಕರಣದಲ್ಲಿ ರ್‍ಯಾಡಿಫ್ ಡಾಟ್ ಕಾಮ್ ಅನ್ನುವ ಹೆಸರನ್ನು ಬಳಸದಂತೆ ತಡೆದಿತ್ತು. ಒಂದೇ ಒಂದು ಅಕ್ಷರದ ವ್ಯತ್ಯಾಸ. 2004ರಲ್ಲಿ ಸಿಫಿ ಅನ್ನುವ ಇಂಟರ್ನೆಟ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಟ್ರೇಡ್‌ಮಾರ್ಕಿಗೆ ಇರುವಂಥ ರಕ್ಷಣೆ ಡೊಮೇನ್ ಹೆಸರಿಗೂ ಉಂಟು ಅಂತ ಹೇಳಿತು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಮುಖ್ಯ ಕಚೇರಿ ಇರುವುದು ನಮ್ಮ ಅಂಟಾಪ್ ಹಿಲ್‌ನಲ್ಲೇ. ಅಲ್ಲಿಯವರೆಗೆ ಹೋಗಬೇಕಾಗಿಯೂ ಇಲ್ಲ, ಆ ಹೆಸರು ಆಗಲೇ ಬೇರೆಯವರ ಟ್ರೇಡ್‌ಮಾರ್ಕ್ ಆಗಿದೆಯೇ ಅಂತ ಅವರ ಸೈಟಿನಲ್ಲಿ ಹುಡುಕುವುದು ಪುಕ್ಕಟೆ. ಹಾಗೆಯೇ ನೀವು ಇಷ್ಟಪಟ್ಟ ಹೆಸರು ಮೊದಲು ಬೇರೆಯವರ ಬಳಿ ಇತ್ತೋ, ಅಲ್ಲಿ ಏನು ನಡೆಯುತ್ತಿತ್ತು ಅಂತ ಹಳೆಯ ವೆಬ್ ಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮೆಷೀನ್ ಅನ್ನುವ ಸೈಟಿನಲ್ಲಿ ನೋಡಿ. ಸ್ಪ್ಯಾಮ್ ಕಳಿಸಿ ಕೆಟ್ಟ ಹೆಸರಾಗಿದ್ದರೆ ನಿಮ್ಮ ಕೊಟೇಶನ್ ಕೂಡ ಗಿರಾಕಿಯ ಸ್ಪ್ಯಾಮ್ ಫೋಲ್ಡರಿಗೇ ಬೀಳಬಹುದು.

ಇಷ್ಟೆಲ್ಲ ನೋಡಿ ಆರಿಸಿದ ಹೆಸರು ಯಾರ ಖಾತೆಯಲ್ಲಿದೆ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಮುಲುಂಡ್‌ನಲ್ಲಿ ಟೂರ್ಸ್ ಆಂಡ್ ಟ್ರಾವೆಲ್ಸ್ ನಡೆಸುವ ನಮ್ಮೂರಿನ ಒಬ್ಬರು ಡಿಸೈನರ್‌ನನ್ನು ಬದಲಿಸಲು ಹೊರಟಾಗ ಗೊತ್ತಾಯಿತು, ಡೊಮೇನ್ ಇರುವುದು ಆ ಡಿಸೈನರ್‌ನ ಖಾಸಗಿ ಜಿಮೇಲಿನಲ್ಲಿ, ರಿಜಿಸ್ಟ್ರಂಟ್ ಅಂತ ಅವನದೇ ಹೆಸರು. ಬಿಟ್ಟುಕೊಡಲು ಅವನು ಕೇಳಿದ ದುಡ್ಡಿನಲ್ಲಿ ಇನ್ನೊಂದು ವೆಬ್‌ಸೈಟ್ ಮಾಡಿಸಬಹುದಿತ್ತು. ವರ್ಷ ವರ್ಷ ಹಣ ಕಟ್ಟಿದ್ದು ಇವರು, ದಾಖಲೆಯಲ್ಲಿ ಒಡೆಯ ಅವನು. ಅವರ ಮುಖ ನೋಡಲಾಗುತ್ತಿರಲಿಲ್ಲ.

ಖರೀದಿಸುವಾಗ ನಿಮ್ಮ ಕಾರ್ಡಿನಿಂದ, ನಿಮ್ಮ ಮೊಬೈಲ್ ನಂಬರಿನಿಂದ, ನಿಮ್ಮ ಇಮೇಲಿನಿಂದ ನೀವೇ ರಿಜಿಸ್ಟ್ರಾರ್ ಬಳಿ, ಅಂದರೆ ಡೊಮೇನ್ ಮಾರುವ ಕಂಪನಿಯಲ್ಲಿ, ಖಾತೆ ತೆರೆಯಿರಿ. ಹುಡುಗನಿಗೆ ಬೇಕಾಗುವುದು ಡಿಎನ್‌ಎಸ್ ಸೆಟ್ಟಿಂಗ್ ಮಾತ್ರ, ಅಂದರೆ ಹೆಸರನ್ನು ವೆಬ್‌ಸೈಟಿಗೆ ಜೋಡಿಸುವ ಜಾಗ, ಅಷ್ಟಕ್ಕೆ ಅನುಮತಿ ಕೊಡಿ. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದು ಆಗಿರಬಾರದು. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿ ಬರಲು ಜಾಗವೇ ಇರುವುದಿಲ್ಲ. ಡಾಟ್ ಕಾಮ್ ಕೊಂಡ ಕೂಡಲೇ ಇಮೇಲ್ ಖಚಿತಪಡಿಸಿ ಅಂತ ಒಂದು ಪತ್ರ ಬರುತ್ತದೆ, 15 ದಿನದೊಳಗೆ ಅದನ್ನು ಒತ್ತದಿದ್ದರೆ ಸೈಟನ್ನೇ ನಿಲ್ಲಿಸಿಬಿಡಬಹುದು. ಒಂದೇ ಸಲಕ್ಕೆ 10 ವರ್ಷದವರೆಗೆ ಕಟ್ಟಲು ಅವಕಾಶವಿದೆ, ಕಡೇಪಕ್ಷ ಮೂರು ವರ್ಷಕ್ಕೆ ಕಟ್ಟಿ, ಆಟೋ ರಿನ್ಯೂವಲ್ ಹಾಕಿಡಿ. ಅವಧಿ ಮುಗಿದು ಹೋದರೆ ಡಾಟ್ ಕಾಮ್‌ನಲ್ಲಿ ರಿಜಿಸ್ಟ್ರಾರ್ ಕೊಡುವ ಗ್ರೇಸ್ ಹೆಚ್ಚೆಂದರೆ 45 ದಿನ, ಆಮೇಲಿನ 30 ದಿನದಲ್ಲಿ ದೊಡ್ಡ ದಂಡ ಕಟ್ಟಿದರೆ ವಾಪಸು, ಮತ್ತೆ 5 ದಿನ ಕಳೆದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ಎಷ್ಟೋ ಕಡೆ ಗ್ರೇಸ್ ಅವಧಿಯಲ್ಲೇ ಹರಾಜಿಗೆ ಹಾಕುವುದೂ ಉಂಟು.

ನಮ್ಮ ಸಂಘ ಸಂಸ್ಥೆಗಳಿಗೆ ಇದನ್ನು ಕೈಮುಗಿದು ಹೇಳುತ್ತೇನೆ. ಬೆಳ್ಳಿಹಬ್ಬಕ್ಕೊಂದು, ಸುವರ್ಣ ಮಹೋತ್ಸವಕ್ಕೊಂದು ಅಂತ ಬೇರೆ ಬೇರೆ ಡೊಮೇನ್ ಕೊಳ್ಳಬೇಡಿ. ಹಬ್ಬ ಮುಗಿದ ಮೇಲೆ ಅದನ್ನು ರಿನ್ಯೂ ಮಾಡುವವರಿರುವುದಿಲ್ಲ, ಬಿಟ್ಟುಹೋದ ಹೆಸರನ್ನು ಬೆಟ್ಟಿಂಗ್ ಸೈಟಿನವರು ಎತ್ತಿಕೊಳ್ಳುತ್ತಾರೆ. ಹಿರಿಯರ ಭಾಷಣದ ಫೋಟೋ ಇದ್ದ ವಿಳಾಸದಲ್ಲಿ ಜೂಜಿನ ಜಾಹೀರಾತು ಬರುತ್ತದೆ. ಮುಖ್ಯ ಡೊಮೇನಿನ ಒಳಗೇ ಒಂದು ಪುಟ ಮಾಡಿದರೆ ಆಯಿತು. ಆ ಮುಖ್ಯ ಡೊಮೇನ್ ಸಂಘದ ಹೆಸರಿನಲ್ಲಿರಲಿ, ಆಗಿನ ಕಾರ್ಯದರ್ಶಿಯ ಸ್ವಂತ ಇಮೇಲಿನಲ್ಲಿ ಬೇಡ. ಅವರು ಊರಿಗೆ ಹೋಗಿ ನೆಲೆಸಬಹುದು, ತೀರಿಕೊಳ್ಳಲೂಬಹುದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಹೊಸ ಸಮಿತಿಗೆ ಅಧಿಕಾರ ಕೊಡುವಾಗ ಪಾಸ್‌ಬುಕ್, ಚೆಕ್‌ಬುಕ್, ನಡಾವಳಿ ಪುಸ್ತಕಗಳ ಪಟ್ಟಿಯಲ್ಲಿ ಡೊಮೇನಿನ ಲಾಗಿನ್, ಅವಧಿ ಮುಗಿಯುವ ತಾರೀಕು, ರಿಜಿಸ್ಟ್ರಾರ್ ಯಾರು ಅನ್ನುವುದನ್ನೂ ಬರೆದು, ಇಬ್ಬರೂ ಸಹಿ ಹಾಕಿ ಒಪ್ಪಿಸಿ. ಸಭೆಗೆ ಮುಂಚೆ ಲಾಗಿನ್ ಯಾರ ಬಳಿಯಿದೆ ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ದಾಖಲೆ ತೆಗೆದು ನೋಡೋಣ, ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.