ಅರವತ್ತು ದಾಟಿದವರಿಗೆಲ್ಲ ಎಂಡೋಸ್ಕೋಪಿ ಬೇಕಾ? ಪರ-ವಿರೋಧ

ಪರ: ಒಮ್ಮೆ ನೋಡಿಸಿಬಿಡಿ

ನಮ್ಮ ದೊಡ್ಡಪ್ಪ ಮುದ್ದೆ ನುಂಗುವುದರಲ್ಲಿ ಗಟ್ಟಿಗರು. ಎಪ್ಪತ್ತರ ಹತ್ತಿರ ಬಂದಾಗ ಮುದ್ದೆಗೆ ಸಾರು ಜಾಸ್ತಿ ಕೇಳತೊಡಗಿದರು. ಆಮೇಲೆ ತುತ್ತಿಗೊಂದು ಗುಟುಕು ನೀರು. ಆಮೇಲೆ ಮುದ್ದೆ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. "ವಯಸ್ಸಾಯ್ತು, ಹಲ್ಲಿಲ್ಲ" ಅಂದುಕೊಂಡೆವು. ಮುದ್ದೆ ನುಂಗೋಕೆ ಹಲ್ಲು ಯಾಕೆ ಬೇಕು ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ! ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಟ್ಯೂಬ್ ಇಳಿಸಿ ಅನ್ನನಾಳ, ಹೊಟ್ಟೆ ನೋಡುವ ಪರೀಕ್ಷೆ, ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಕೈ ಮೀರಿತ್ತು.

ಅನ್ನನಾಳ ಹಿಗ್ಗುವ ಕೊಳವೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಅದು ಬಹಳ ದಿನ ಹೇಗೋ ಊಟ ಇಳಿಸುತ್ತದೆ. ತುತ್ತು ಸಿಕ್ಕಿಕೊಳ್ಳುವಷ್ಟರಲ್ಲಿ ದಾರಿ ಸಾಕಷ್ಟು ಕಟ್ಟಿರುತ್ತದೆ. ಹೊಟ್ಟೆಯ ಕ್ಯಾನ್ಸರ್ ಇನ್ನೂ ಕಳ್ಳ. ಹೊಟ್ಟೆ ಉರಿ, ಉಬ್ಬರ, ಹುಳಿತೇಗು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು: ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ವರ್ಷಗಟ್ಟಲೆ ನುಂಗುವವರಿದ್ದಾರೆ. ಆ ಮಾತ್ರೆ ಆಸಿಡ್ ಇಳಿಸುತ್ತದೆ, ಉರಿಯೂ ಇಳಿಯುತ್ತದೆ. ಕ್ಯಾನ್ಸರಿನ ಹುಣ್ಣೇ ಆಗಿದ್ದರೂ ಕೆಲವು ದಿನ ವಾಸಿಯಾದಂತೆ ಕಾಣಬಹುದು. ರೋಗ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಹೊಟ್ಟೆಯ ತಪಾಸಣೆ ಇದೆ, ಅದೂ ಸರ್ಕಾರದ ಕಾರ್ಯಕ್ರಮದಲ್ಲೇ. ಜಪಾನಿನಲ್ಲಿ 50 ದಾಟಿದವರಿಗೆ ಎಂಡೋಸ್ಕೋಪಿ ಶಿಫಾರಸು ಮಾಡುತ್ತಾರೆ. ಮೊದಲ ಹಂತದಲ್ಲೇ ಸಿಕ್ಕವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಅಲ್ಲಿ ಐದು ವರ್ಷ ದಾಟುತ್ತಾರೆ. ಕೆಲವರಿಗೆ ಹೊಟ್ಟೆ ಕೊಯ್ಯುವುದೂ ಬೇಕಿಲ್ಲ, ಆ ಟ್ಯೂಬಿನಿಂದಲೇ ಗಡ್ಡೆ ತೆಗೆಯುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕ ಇಡುತ್ತಿದೆ. ಗಂಡಸರ ಪಟ್ಟಿಯಲ್ಲಿ ಹೊಟ್ಟೆ, ಅನ್ನನಾಳ ಎರಡೂ ಮೇಲಿನ ಸಾಲಿನಲ್ಲೇ ಇವೆ. ಆದರೆ 30 ದಾಟಿದವರಿಗೆಂದು ಇರುವ ಸರ್ಕಾರಿ ತಪಾಸಣೆ ನೋಡುವುದು ಬಾಯಿ, ಸ್ತನ, ಗರ್ಭಕೊರಳು ಮಾತ್ರ. ಅರವತ್ತಾದ ಮೇಲೆ ಒಮ್ಮೆ, ಹತ್ತು ನಿಮಿಷ ಒಳಗೆ ಇಣುಕಿ ನೋಡಿದರೆ ಏನು ಹೋಗುತ್ತದೆ?

ವಿರೋಧ: ಮೊದಲು ಮಾತು, ಆಮೇಲೆ ಟ್ಯೂಬ್

ಮೇಲಿನದನ್ನು ಬರೆದವನೂ ನಾನೇ. ಅಲ್ಲಿ ಮಾತಾಡಿದ್ದು ದೊಡ್ಡಪ್ಪನ ನೆನಪು. ಲೆಕ್ಕ ಹಾಕಿದರೆ ಮಾತು ಬೇರೆಯಾಗುತ್ತದೆ.

ಕೊರಿಯಾ, ಜಪಾನಿನಲ್ಲಿ ಹೊಟ್ಟೆಯ ಕ್ಯಾನ್ಸರ್ ನಮಗಿಂತ ಹಲವು ಪಟ್ಟು ಜಾಸ್ತಿ. ಅಲ್ಲಿ ಎಲ್ಲರಿಗೂ ಟ್ಯೂಬ್ ಹಾಕುವುದರಲ್ಲಿ ಅರ್ಥವಿದೆ. ನಮ್ಮಲ್ಲಿ ಹಾಗೆ ಮಾಡಿದರೆ ಆರಾಮಾಗಿರುವವರ ಸಾಲು ಉದ್ದವಾಗುತ್ತದೆ, ನಿಜಕ್ಕೂ ತುತ್ತು ಇಳಿಯದವರು ಅವರ ಹಿಂದೆ ಕಾಯುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ಸರದಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಯಸ್ಸಾದವರಿಗೆ ಅದು ಬರೀ ಹತ್ತು ನಿಮಿಷದ ಕೆಲಸವೂ ಅಲ್ಲ. ಶುಗರ್ ಇದ್ದವರು ಖಾಲಿ ಹೊಟ್ಟೆಯಲ್ಲಿ ಕೂರಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಅದನ್ನು ನಿಲ್ಲಿಸಬೇಕೋ ಬೇಡವೋ ಎಂಬ ಚರ್ಚೆ. ಮಂಪರಿನ ಔಷಧಿ ಕೊಟ್ಟರೆ ಉಸಿರಾಟದ ಮೇಲೆ ಕಣ್ಣಿಡಬೇಕು. ಅನ್ನನಾಳಕ್ಕೆ ತೂತು ಬೀಳುವುದು ತುಂಬಾ ಅಪರೂಪ, ಆದರೆ ಆರೋಗ್ಯವಾಗಿದ್ದವರಿಗೆ ಬಿದ್ದರೆ ಯಾರಿಗೆ ಹೇಳೋಣ? ಎಂಬತ್ತರ ಅಜ್ಜಿಗೆ ಏನೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಪರೇಷನ್ ತಡೆಯುತ್ತಾರಾ? ಕೊರಿಯಾದ ತಜ್ಞರ ಮಾರ್ಗಸೂಚಿಯೇ 74ಕ್ಕೆ ನಿಲ್ಲುತ್ತದೆ.

ಇನ್ನು ರಿಪೋರ್ಟಿನ ಭಯ. ನಮ್ಮ ಪಕ್ಕದ ಮನೆಯ ಆಂಟಿ ಸುಮ್ನೆ ಚೆಕಪ್‌ಗೆ ಹೋಗಿ "ಗ್ಯಾಸ್ಟ್ರೈಟಿಸ್" (ಹೊಟ್ಟೆಯ ಒಳಪದರದ ಉರಿಯೂತ) ಎಂಬ ಪದ ಹೊತ್ತು ತಂದರು. ಹುಳಿ ಬಿಟ್ಟರು, ಖಾರ ಬಿಟ್ಟರು, ಒಗ್ಗರಣೆಯನ್ನೂ ಬಿಟ್ಟರು. ಮೂರು ತಿಂಗಳಲ್ಲಿ ಬಳೆ ಮೊಣಕೈಗೆ ಜಾರುವಷ್ಟು ಸೊರಗಿದರು. ಆಗ ಮನೆಯವರಿಗೆ ನಿಜವಾದ ಗಾಬರಿ.

ಎಚ್. ಪೈಲೋರಿ ಟೆಸ್ಟ್ ಮಾಡಿಸಿದರೆ ಸಾಕಲ್ವಾ ಅನ್ನುವವರಿದ್ದಾರೆ. ಹೊಟ್ಟೆ ಹುಣ್ಣಿನ ಹಿಂದೆ ಈ ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ಅದನ್ನು ತಾವೇ ಕುಡಿದು ನೋಡಿದ ಪುಣ್ಯಾತ್ಮ! ಇದು ಕ್ಯಾನ್ಸರ್‌ಕಾರಕ ಎಂದು 1994ರಲ್ಲೇ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಭಾರತದಲ್ಲಿ ಇದು ಎಷ್ಟೋ ಜನರ ಹೊಟ್ಟೆಯಲ್ಲಿ ಇದ್ದೇ ಇರುತ್ತದೆ, ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ. ಟೆಸ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ಯಾರಿಗೆ ಬರುತ್ತದೆ ಎಂದು ಗೊತ್ತಾಗದು. ಮಿಜೋರಾಂ ಕಥೆ ಬೇರೆ. ಅಲ್ಲಿ ಹೊಟ್ಟೆಯ ಕ್ಯಾನ್ಸರ್ ವಿಪರೀತ, ತಂಬಾಕಿನ ಹೊಗೆ ಹಾಯಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಇದೆ. ಅಲ್ಲಿ ತಪಾಸಣೆ ಶುರುಮಾಡಿದರೆ ನನ್ನ ತಕರಾರಿಲ್ಲ.

ನಮಗೆ ಬೇಕಿರುವುದು ನಾಲ್ಕು ಪ್ರಶ್ನೆ. ಬೀಡಿ, ಎಲೆಯಡಿಕೆ ಜೊತೆ ಹೊಗೆಸೊಪ್ಪು, ಕುಡಿತ ಇದೆಯಾ? ಕಾಫಿ ಬಾಯಿ ಸುಡುವಷ್ಟು ಬಿಸಿಯಾಗೇ ಬೇಕಾ? ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಹೊಟ್ಟೆಯ ಕ್ಯಾನ್ಸರ್ ಬಂದಿತ್ತಾ? ಮಲ ಡಾಂಬರಿನಂತೆ ಕಪ್ಪಗಿದೆಯಾ, ಕಾರಣವಿಲ್ಲದೆ ರಕ್ತ ಕಡಿಮೆಯಾಗಿದೆಯಾ? ಬ್ರಿಟನ್ನಿನ ನಿಯಮ ಸರಳ: ತುತ್ತು ಸಿಕ್ಕಿಕೊಳ್ಳುತ್ತಿದ್ದರೆ ಯಾವ ವಯಸ್ಸಾದರೂ ಎರಡು ವಾರದೊಳಗೆ ಎಂಡೋಸ್ಕೋಪಿ. 55 ದಾಟಿ, ತೂಕ ಇಳಿದು, ಜೊತೆಗೆ ಮೇಲ್ಹೊಟ್ಟೆ ನೋವೋ ಎದೆಯುರಿಯೋ ಅಜೀರ್ಣವೋ ಇದ್ದರೂ ಅಷ್ಟೇ. ಅಂಥವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವುದೇ ತಪ್ಪು.

ಆಶಾ ಕಾರ್ಯಕರ್ತೆ ಹೇಗೂ ಬಿಪಿ, ಶುಗರ್ ಅಂತ ಮನೆಗೆ ಬರುತ್ತಾಳೆ. "ಅಜ್ಜಾ, ಮುದ್ದೆ ಸಲೀಸಾಗಿ ಇಳೀತದಾ?" ಎಂದು ಒಂದು ಮಾತು ಕೇಳಲಿ. ನಮ್ಮ ದೊಡ್ಡಪ್ಪ ಸುಳ್ಳು ಹೇಳುವ ಜಾತಿಯವರಲ್ಲ. "ಸಾರು ಸ್ವಲ್ಪ ಜಾಸ್ತಿ ಬೇಕಾಗ್ತದೆ ಕಣವ್ವ" ಎಂದಿರುತ್ತಿದ್ದರು.