ತೊಡೆದೇವಿನಂಥ ಸಿಹಿ ಬಿಟ್ಟರೆ ಎಡಿಎಚ್‌ಡಿ ಹೋಗುತ್ತದಾ?

‘21 ದಿನ ಸಕ್ಕರೆ, ಬೆಲ್ಲ ಬಿಡಿಸಿ, ಮಗುವಿನ ಎಡಿಎಚ್‌ಡಿ ಪೂರ್ತಿ ವಾಸಿ.’ ಶಿರಸಿಯ ನಮ್ಮ ನೆಂಟರ ಗ್ರೂಪಿನಲ್ಲಿ ಈ ಮೆಸೇಜ್ ಮತ್ತೆ ಬಂದಿದೆ. ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆ, ದುಡುಕು ಹೆಚ್ಚಿರುವ ಸ್ಥಿತಿ. ಮೆಸೇಜಿನ ಮಾತು ನಿಜವಲ್ಲ.

ಸಕ್ಕರೆ ತಿಂದ ಮಕ್ಕಳ ನಡವಳಿಕೆ ಬದಲಾಗುತ್ತದಾ ಎಂದು ನೋಡಿದ ಹಲವು ಪ್ರಯೋಗಗಳನ್ನು 1995ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಅಂಥ ಪರಿಣಾಮ ಕಾಣಲಿಲ್ಲ. ಹಲ್ಲು ಹಾಳಾಗದಿರಲಿ ಎಂದು ಸಿಹಿ ಕಡಿಮೆ ಮಾಡಿದರೆ ಅದು ಬೇರೆ ಮಾತು. ಎಡಿಎಚ್‌ಡಿ ಮಿದುಳು ಬೆಳೆಯುವ ರೀತಿಗೆ ಸಂಬಂಧಿಸಿದ್ದು, ಜಾಸ್ತಿ ಪಾಲು ವಂಶದಿಂದ ಬರುವಂಥದ್ದು. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ.

ಆಲೆಮನೆ ಸಮಯದಲ್ಲಿ ಅಕ್ಕ ಎಡಿಎಚ್‌ಡಿ ಇರುವ ತನ್ನ ಮಗನಿಗೆ ಒಂದು ತೊಡೆದೇವನ್ನೂ ಕೊಡಲಿಲ್ಲ. ಪಾಪ, ಉಳಿದ ಮಕ್ಕಳು ತಿನ್ನುವುದನ್ನು ನೋಡುತ್ತಾ ಕೂತಿದ್ದ. ಕಂಪಾಸ್ ಬಾಕ್ಸ್ ಮಾತ್ರ ಮರುದಿನವೂ ಬಸ್ಸಿನಲ್ಲೇ ಉಳಿಯಿತು. ಅವನಿಗೆ ಉಪಯೋಗವಾದದ್ದು ಕೊಡೆ ನೇತುಹಾಕುವ ಮೊಳೆಯ ಪಕ್ಕ ಅಂಟಿಸಿದ ಚೀಟಿ: ಡಬ್ಬಿ, ಪುಸ್ತಕ, ಕೊಡೆ. ಈಗ ಅಕ್ಕ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾಳೆ. ಮುಗಿಸಿದ ಕೂಡಲೇ ‘ಚೊಲೋ ಆತು’ ಅನ್ನುತ್ತಾಳೆ. ಚೀಟಿ ತೆಗೆದ ವಾರವೇ ಹಳೇ ಕಥೆ ಶುರುವಾಯಿತು, ಹಾಗಾಗಿ ಅದು ಈಗಲೂ ಅಲ್ಲೇ ಇದೆ.

ಕೆಲವರಿಗೆ ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆ ಬೇಕಾಗುತ್ತದೆ. ಅದು ಮನೋವೈದ್ಯರು ನೋಡಿ ಕೊಡುವಂಥದ್ದು, ಸುಮ್ನೆ ತಾವಾಗಿಯೇ ನಿಲ್ಲಿಸಬೇಡಿ. ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.